ಹೊಗೆಯಿಲ್ಲದ 'ಹೊಗೆಯ ಕೊಲ್ಲಿ'

ಮಕ್ಕಳೇ, ಭೂಪಟದಲ್ಲಿ ಯೂರೋಪಿನ ವಾಯುವ್ಯಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಐಸ್‌ಲ್ಯಾಂಡ್ ದ್ವೀಪವನ್ನು ಹುಡುಕಿ. ಅದರ ನೈರುತ್ಯ ಮೂಲೆಯಲ್ಲಿದೆ ರಾಜಧಾನಿ ರೇಕ್ಯಾವಿಕ್. ಈ ಹೆಸರಿಗೆ 'ಹೊಗೆಯ ಕೊಲ್ಲಿ' ಎಂದರ್ಥ. ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದು ನೆಲೆಸಿದವರು ಹೊಗೆ ಎಂದು ಕರೆದದ್ದು ಬಿಸಿನೀರಿನ ಬುಗ್ಗೆಗಳ ಹಬೆಯನ್ನು!

ದೇಶದ ವಿಸ್ತೀರ್ಣ ಸುಮಾರು 1,03,000 ಚದರ ಕಿ.ಮೀ. ಜನಸಂಖ್ಯೆ ಮಾತ್ರ 4 ಲಕ್ಷಕ್ಕೂ ಕಡಿಮೆ. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ರೇಕ್ಯಾವಿಕ್ ಮತ್ತು ಅದರ ಸುತ್ತಲಿನ ಊರುಗಳಲ್ಲೇ ಇದ್ದಾರೆ. ಏಕೆ ಗೊತ್ತೇ? ದ್ವೀಪದ ಒಳನಾಡೆಲ್ಲ ಹಿಮನದಿಗಳು, ಲಾವಾ ಹರಿದು ಗಟ್ಟಿಯಾದ ಬಯಲುಗಳು. ಅಲ್ಲಿ ವಾಸವೇ ಕಷ್ಟ. ರಾಜಧಾನಿಯಲ್ಲಾದರೆ ಬಂದರು, ಉದ್ಯೋಗ, ವಿಶ್ವವಿದ್ಯಾಲಯ ಎಲ್ಲವೂ ಇವೆ. ಜೊತೆಗೆ ಬೆಚ್ಚಗಿನ ಮನೆಗಳು!

1930ರಲ್ಲಿ ಬುಗ್ಗೆಯ ಬಿಸಿನೀರನ್ನು ಸುಮಾರು 3 ಕಿ.ಮೀ. ದೂರ ಕೊಳವೆಯಲ್ಲಿ ತಂದು ಮೊದಲು ಬೆಚ್ಚಗಾಗಿಸಿದ್ದು ಒಂದು ಪ್ರಾಥಮಿಕ ಶಾಲೆಯನ್ನು. ಈಗ ನಗರದ ಬಹುತೇಕ ಎಲ್ಲ ಮನೆಗಳಿಗೂ ಭೂಮಿಯೊಳಗಿನ ಶಾಖವೇ ಆಧಾರ. ಹಿಂದಿನ ಕಲ್ಲಿದ್ದಲ ಹೊಗೆ ಮಾಯವಾಗಿದೆ.

ಆದರೆ ಈ ಶಾಖ ಯಾವಾಗಲೂ ಹೇಳಿದಂತೆ ಕೇಳುವುದಿಲ್ಲ. ಪಕ್ಕದ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ 2021ರಿಂದ ಜ್ವಾಲಾಮುಖಿ ಹಲವು ಬಾರಿ ಉಕ್ಕಿದೆ. 2024ರ ಫೆಬ್ರವರಿಯಲ್ಲಿ ಲಾವಾ ಹರಿದು ಅಲ್ಲಿನ ಬಿಸಿನೀರಿನ ಕೊಳವೆಯನ್ನೇ ಹಾಳುಮಾಡಿತು. ಕೊರೆಯುವ ಚಳಿಯಲ್ಲಿ ಸಾವಿರಾರು ಜನರ ಮನೆಗಳು ತಣ್ಣಗಾದವು.