ಥೇಮ್ಸ್ ದಂಡೆಯ ಸ್ವತಂತ್ರ ಮನೆ: ನೆರೆಮನೆಯ ಗೋಡೆಯಿಲ್ಲ, ನೆರೆಯ ಭೀತಿಯಿದೆ

ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂ ವಿಮಾನ ನಿಲ್ದಾಣದಿಂದ ಕೆಲವೇ ಮೈಲಿಗಳಾಚೆ, ಥೇಮ್ಸ್ ನದಿಯ ದಂಡೆಯಲ್ಲಿ ರೇಸ್‌ಬರಿ ಎಂಬ ಹಳ್ಳಿಯಿದೆ. 1215ರಲ್ಲಿ ಜಾನ್ ದೊರೆ ಮ್ಯಾಗ್ನಾ ಕಾರ್ಟಾ ಸನ್ನದಿಗೆ ಮುದ್ರೆಯೊತ್ತಿದ ರನ್ನಿಮೀಡ್ ಹುಲ್ಲುಗಾವಲು ಇರುವುದು ಇದರ ಎದುರು ದಂಡೆಯಲ್ಲಿ. ಆ ಸನ್ನದಿಗಿಂತಲೂ ಎಷ್ಟೋ ಶತಮಾನ ಹಳೆಯದೆಂದು ನಂಬಲಾದ ಯೂ ಮರವೊಂದು ಹಳ್ಳಿಯ ಆ್ಯಂಕರ್‌ವಿಕ್ ಭಾಗದಲ್ಲಿ ಇಂದಿಗೂ ಹಸಿರಾಗಿದೆ. ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ ಇಲ್ಲಿಂದ ನೇರ ರೈಲುಂಟು. ಇಂಥ ಊರಿನಲ್ಲಿ ನಾಲ್ಕು ಮಲಗುವ ಕೋಣೆಗಳ, ಹಿತ್ತಿಲು ನದಿಗೆ ತಾಗಿರುವ 'ಡಿಟ್ಯಾಚ್ಡ್' ಮನೆಯೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡರೆ ಮನಸೋಲದವರು ವಿರಳ.

ಹೀಗೆ ಮನಸೋಲುವವರಲ್ಲಿ ಕನ್ನಡಿಗರೂ ಇದ್ದಾರೆ. ಮಾಹಿತಿ ತಂತ್ರಜ್ಞಾನದ ಉದ್ಯೋಗ ಹಿಡಿದು ಹೋದವರು ಮೊದಲು ಸ್ಲೌ, ರೀಡಿಂಗ್‌ನಂಥ ಪಟ್ಟಣಗಳಲ್ಲಿ ಬಾಡಿಗೆಗಿದ್ದು, ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಸ್ವಂತ ಮನೆಯ ಹುಡುಕಾಟಕ್ಕಿಳಿಯುವುದುಂಟು. ಅಲ್ಲಿನ ಜಾಹೀರಾತಿನ ಭಾಷೆಯೂ ವ್ಯವಹಾರದ ಕ್ರಮವೂ ನಮ್ಮಲ್ಲಿಗಿಂತ ಸಾಕಷ್ಟು ಭಿನ್ನ.

'ಡಿಟ್ಯಾಚ್ಡ್' ಎಂದರೆ ಯಾವ ಗೋಡೆಯನ್ನೂ ಪಕ್ಕದ ಮನೆಯೊಂದಿಗೆ ಹಂಚಿಕೊಳ್ಳದ ಮನೆ. ಬೆಂಗಳೂರಿಗರ ಮಾತಿನಲ್ಲಿ 'ಇಂಡಿಪೆಂಡೆಂಟ್ ಹೌಸ್'. ಒಂದು ಗೋಡೆ ಹಂಚಿಕೊಂಡರೆ 'ಸೆಮಿ', ಸಾಲಾಗಿ ಅಂಟಿಕೊಂಡಿದ್ದರೆ 'ಟೆರೇಸ್ಡ್'. ಸ್ವತಂತ್ರ ಮನೆಗಳು ಸಾಮಾನ್ಯವಾಗಿ 'ಫ್ರೀಹೋಲ್ಡ್', ಅಂದರೆ ನೆಲವೂ ಮಾಲೀಕನದೇ. ಮನೆಯ ಗಾತ್ರವನ್ನು ಅಲ್ಲಿನವರು ಚದರಡಿಗಿಂತ ಹೆಚ್ಚಾಗಿ ಮಲಗುವ ಕೋಣೆಗಳ ಸಂಖ್ಯೆಯಿಂದ ಅಳೆಯುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುವವರು ಕಡಿಮೆ. ಆದರೆ ಹಿತ್ತಿಲ ತೋಟ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದನ್ನು ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಹಾಕುತ್ತಾರೆ. ಬಿಸಿಲಿಗೆ ಬರವಿರುವ ನಾಡಿನ ವಾಸ್ತುಶಾಸ್ತ್ರ ಇದೇ ಇರಬೇಕು!

ಮಾತು ಕೊಟ್ಟರೂ ಮನೆ ನಿಮ್ಮದಲ್ಲ

ನಮ್ಮಲ್ಲಿ ಬೆಲೆ ಕುದುರಿದೊಡನೆ ಮುಂಗಡ ಕೊಟ್ಟು ಕರಾರು ಪತ್ರ ಬರೆಸುವುದು ವಾಡಿಕೆ. ಇಂಗ್ಲೆಂಡ್‌ನಲ್ಲಿ ಹಾಗಲ್ಲ. ಖರೀದಿದಾರ ಹೇಳಿದ ಬೆಲೆಗೆ ಮಾಲೀಕ ಒಪ್ಪಿದ ಮೇಲೂ ಇಬ್ಬರಿಗೂ ಯಾವ ಕಾನೂನು ಬಂಧನವಿರುವುದಿಲ್ಲ. ವಕೀಲರು ದಾಖಲೆ ಪರಿಶೀಲಿಸಿ, ಬ್ಯಾಂಕು ಸಾಲ ಮಂಜೂರು ಮಾಡಿ, ಎರಡೂ ಕಡೆಯವರು ಸಹಿ ಮಾಡಿದ ಕರಾರುಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈ ನಡುವೆ ಇನ್ನೊಬ್ಬ ಹೆಚ್ಚಿನ ಬೆಲೆ ಹೇಳಿದರೆ ಮಾಲೀಕ ಅವನತ್ತ ವಾಲಬಹುದು. ಈ ಕೈಕೊಡುವಿಕೆಗೆ 'ಗಜಂಪಿಂಗ್' ಎಂಬ ಹೆಸರೇ ಇದೆ. ವಿನಿಮಯದ ದಿನ ಸಾಮಾನ್ಯವಾಗಿ ಶೇ. 10ರಷ್ಟು ಠೇವಣಿ ಕಟ್ಟಬೇಕು. ಆನಂತರ ಹಿಂದೆ ಸರಿದರೆ ಅದು ಕೈಬಿಟ್ಟಂತೆಯೇ. ದಲ್ಲಾಳಿಯ ಶುಲ್ಕವನ್ನು ಮಾರುವವನೇ ಭರಿಸುತ್ತಾನೆಂಬುದು ಖರೀದಿದಾರನಿಗೊಂದು ಸಮಾಧಾನ. ಅಷ್ಟೇ ಕಾರಣಕ್ಕೆ ದಲ್ಲಾಳಿ ಯಾರ ಪರವೆಂಬುದನ್ನೂ ಮರೆಯುವಂತಿಲ್ಲ. (ಸ್ಕಾಟ್ಲೆಂಡ್‌ನ ಪದ್ಧತಿ ಬೇರೆಯೇ ಇದೆ.)

ಮುದ್ರಾಂಕ ಶುಲ್ಕದ ಲೆಕ್ಕ ಭಾರತೀಯರಿಗೆ ಇನ್ನಷ್ಟು ಬಿಗಿ. ಏಪ್ರಿಲ್ 2025ರಿಂದ ಜಾರಿಯಲ್ಲಿರುವ ದರದಂತೆ ಮೊದಲ 1.25 ಲಕ್ಷ ಪೌಂಡ್‌ಗೆ ಶುಲ್ಕವಿಲ್ಲ, ಅಲ್ಲಿಂದ 2.5 ಲಕ್ಷದವರೆಗೆ ಶೇ. 2, ಅದರ ಮೇಲೆ 9.25 ಲಕ್ಷದವರೆಗೆ ಶೇ. 5. ಅಂದರೆ 8 ಲಕ್ಷ ಪೌಂಡ್‌ನ ಮನೆಗೆ 30,000 ಪೌಂಡ್. ಆದರೆ ಖರೀದಿದಾರನಿಗೆ ಈಗಾಗಲೇ ಇನ್ನೊಂದು ಮನೆಯಿದ್ದರೆ ಇಡೀ ಬೆಲೆಯ ಮೇಲೆ ಮತ್ತೆ ಶೇ. 5 ಸೇರುತ್ತದೆ. ಆ 'ಇನ್ನೊಂದು ಮನೆ' ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ ಎಂಬುದು ಹಲವರಿಗೆ ತಿಳಿಯುವುದು ತಡವಾಗಿ. ತನ್ನ ಅಥವಾ ಪತ್ನಿಯ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಫ್ಲಾಟ್ ಇದ್ದು, ಅದರ ಬೆಲೆ 40,000 ಪೌಂಡ್ ಮುಟ್ಟಿದ್ದರೆ, ಇಂಗ್ಲೆಂಡ್‌ನಲ್ಲಿ ಅದುವರೆಗೆ ಬಾಡಿಗೆ ಮನೆಯಲ್ಲಿದ್ದವರು ಮೇಲಿನ ಉದಾಹರಣೆಯ ಮನೆಗೆ 30,000ದ ಬದಲು 70,000 ಪೌಂಡ್ ತೆರಬೇಕಾದೀತು.

ನಕ್ಷೆಯಲ್ಲಿರುವ ನೀರು

ಇಷ್ಟೆಲ್ಲ ಹಣದ ಮಾತಾಯಿತು. ನದಿದಂಡೆಯ ಮನೆಯ ನಿಜವಾದ ಪ್ರಶ್ನೆ ನದಿಯದೇ. ಮಾರ್ಚ್ 1947ರಲ್ಲಿ ಹಿಮ ಕರಗಿ ಥೇಮ್ಸ್ ಕಣಿವೆ ಮುಳುಗಿತ್ತು. ಫೆಬ್ರವರಿ 2014ರಲ್ಲಿ ರೇಸ್‌ಬರಿಯ ಬೀದಿಗಳಲ್ಲಿ ನೀರು ನಿಂತು, ಮರಳಿನ ಚೀಲ ತುಂಬಲು ಸೈನಿಕರೇ ಬರಬೇಕಾಯಿತು. ಜನವರಿ 2024ರಲ್ಲಿ ಹೆಂಕ್ ಚಂಡಮಾರುತದ ಮಳೆಯ ಬಳಿಕ ಊರು ಮತ್ತೊಮ್ಮೆ ನೆರೆ ಕಂಡಿತು.

ಇಂಗ್ಲೆಂಡ್‌ನ ಪರಿಸರ ಸಂಸ್ಥೆಯು ಪ್ರವಾಹದ ನಕ್ಷೆಗಳನ್ನು ಸಾರ್ವಜನಿಕವಾಗಿ ಇಟ್ಟಿದೆ. ಪಿನ್‌ಕೋಡ್ ಕೊಟ್ಟರೆ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಯಾವುದೇ ಒಂದು ವರ್ಷದಲ್ಲಿ ನದಿ ಪ್ರವಾಹದ ಸಂಭವ ಶೇ. 1 ಅಥವಾ ಹೆಚ್ಚಿದ್ದರೆ ಆ ಜಾಗ ಮೂರನೆಯ ವಲಯ. ನೂರರಲ್ಲಿ ಒಂದೇ ತಾನೆ ಎಂದು ನಿರ್ಲಕ್ಷಿಸುವಂತಿಲ್ಲ. ಪ್ರತಿ ವರ್ಷವೂ ಶೇ. 1 ಎಂದಿಟ್ಟುಕೊಂಡರೂ, 25 ವರ್ಷಗಳ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ನೆರೆ ಬರುವ ಸಾಧ್ಯತೆ ಶೇ. 22ರಷ್ಟಾಗುತ್ತದೆ. ವಲಯದ ಈ ನಕ್ಷೆ ತಡೆಗೋಡೆಗಳನ್ನು ಪರಿಗಣಿಸುವುದಿಲ್ಲ ಎಂಬುದೂ ಗಮನದಲ್ಲಿರಬೇಕು. ಡಿಸೆಂಬರ್ 2024ರಲ್ಲಿ ಪ್ರಕಟವಾದ ಅಂದಾಜಿನಂತೆ ಇಂಗ್ಲೆಂಡ್‌ನಲ್ಲಿ ನದಿ, ಕಡಲು ಅಥವಾ ಮಳೆನೀರಿನ ನೆರೆಯ ಭೀತಿಯಿರುವ ಪ್ರದೇಶಗಳಲ್ಲಿರುವ ಕಟ್ಟಡಗಳು 63 ಲಕ್ಷ.

ನಕ್ಷೆ ಹೇಳದ್ದನ್ನು ಮನೆ ಹೇಳುತ್ತದೆ. ವಿದ್ಯುತ್ ಸಾಕೆಟ್‌ಗಳು ಸೊಂಟದೆತ್ತರದಲ್ಲಿದ್ದರೆ, ಕೆಳಮಹಡಿಯಲ್ಲಿ ಮಾತ್ರ ಮರದ ಹಾಸಿನ ಬದಲು ಟೈಲ್ಸ್ ಇದ್ದರೆ ಕಾರಣ ಕೇಳುವುದು ಒಳಿತು. ಥೇಮ್ಸ್ ದಂಡೆಯ ಕೆಲವು ಹೊಸ ಮನೆಗಳನ್ನು ಕಂಬಗಳ ಮೇಲೆಯೇ ಎತ್ತಿ ಕಟ್ಟಿದ್ದಾರೆ. ಹಳೆಯ 'ಬಂಗಲೆ'ಗಳ ಕಥೆ ಬೇರೆ. ಭಾರತದಿಂದ ಹೋದ ಈ ಪದಕ್ಕೆ ನಮ್ಮಲ್ಲಿ ದೊಡ್ಡ ಮನೆಯೆಂಬ ಅರ್ಥವಿದ್ದರೆ, ಅಲ್ಲಿ ಅದು ಮಹಡಿಯಿಲ್ಲದ ಮನೆ. ನೀರು ಬಂದರೆ ಹತ್ತಿ ಕೂರಲು ಜಾಗವಿಲ್ಲ.

ಮಾರುವವರು ತುಂಬಿಕೊಡುವ ಮಾಹಿತಿ ನಮೂನೆಯಲ್ಲಿ ಹಿಂದೆ ನೆರೆ ಬಂದಿತ್ತೇ ಎಂಬ ಪ್ರಶ್ನೆಯಿದೆ. ಸುಳ್ಳು ಬರೆದರೆ ಖರೀದಿದಾರ ದಾವೆ ಹೂಡಬಹುದು. ಹಿತ್ತಿಲು ನದಿಗೆ ತಾಗಿದ್ದರೆ ದಂಡೆಯ ನಿರ್ವಹಣೆಯ ಹೊಣೆ ಸಾಮಾನ್ಯವಾಗಿ ಮಾಲೀಕನದು. ಹಾಗೆಂದು ಮನಬಂದಂತೆ ಕಟ್ಟುವಂತಿಲ್ಲ. ಥೇಮ್ಸ್‌ನಂಥ ಮುಖ್ಯ ನದಿಯಿಂದ 8 ಮೀಟರ್ ಒಳಗಿನ ಕಾಮಗಾರಿಗೆ ಪರಿಸರ ಸಂಸ್ಥೆಯ ಅನುಮತಿ ಬೇಕಾಗುತ್ತದೆ.

ಮೇಲೆ ರಕ್ಷಣೆ, ಕೆಳಗೆ ತಕರಾರು

ಮೇಡನ್‌ಹೆಡ್, ವಿಂಡ್ಸರ್ ಪಟ್ಟಣಗಳನ್ನು ನೆರೆಯಿಂದ ಕಾಯಲು ಜುಬಿಲಿ ರಿವರ್ ಎಂಬ 11 ಕಿ.ಮೀ.ಗೂ ಉದ್ದದ ಕೃತಕ ಕಾಲುವೆಯನ್ನು ತೋಡಿ 2002ರಲ್ಲಿ ತೆರೆಯಲಾಯಿತು. ಅದು ಮತ್ತೆ ಥೇಮ್ಸ್ ಸೇರುವುದು ರೇಸ್‌ಬರಿಗೆ ಮೇಲ್ಭಾಗದಲ್ಲಿ. ಮೇಲಿನವರನ್ನು ಉಳಿಸಲು ತಮ್ಮನ್ನು ಮುಳುಗಿಸಲಾಗುತ್ತಿದೆ ಎಂಬುದು ಕೆಳಗಿನ ಹಳ್ಳಿಗರ ದೂರು. ಪರಿಸರ ಸಂಸ್ಥೆ ಇದನ್ನು ಒಪ್ಪಿಲ್ಲ. ಕೆಳಭಾಗಕ್ಕೂ ಕಾಲುವೆ ತೋಡುವ ಥೇಮ್ಸ್ ಯೋಜನೆಯಲ್ಲಿ ಡ್ಯಾಚೆಟ್‌ನಿಂದ ರೇಸ್‌ಬರಿ ಮಾರ್ಗವಾಗಿ ಹಾಯಬೇಕಿದ್ದ ಮೊದಲ ಭಾಗವನ್ನು, ಸ್ಥಳೀಯ ಆಡಳಿತದ ಪಾಲಿನ ಹಣ ಹೊಂದದೆ, 2020ರಲ್ಲಿ ಕೈಬಿಡಲಾಯಿತು. ಉಳಿದ ಕಾಲುವೆಗಳಿರುವುದು ಇನ್ನೂ ಕೆಳಗೆ, ಸರ್ರೆ ಪ್ರಾಂತ್ಯದಲ್ಲಿ.

ಹೀಗಿರುವಾಗ ಇಂಥ ಮನೆಗಳು ಬಿಕರಿಯಾಗುತ್ತಿರುವುದಾದರೂ ಹೇಗೆ? ಉತ್ತರ ವಿಮೆಯಲ್ಲಿದೆ. ಕಟ್ಟಡದ ವಿಮೆಯಿಲ್ಲದೆ ಬ್ಯಾಂಕು ಸಾಲ ಕೊಡದು. ನೆರೆಪೀಡಿತ ಮನೆಗಳ ವಿಮಾ ಕಂತು ಕೈಗೆಟುಕುವಂತಿರಲೆಂದು ಏಪ್ರಿಲ್ 2016ರಲ್ಲಿ 'ಫ್ಲಡ್ ರೀ' ಎಂಬ ವ್ಯವಸ್ಥೆ ಆರಂಭವಾಯಿತು. ಮನೆ ವಿಮೆ ಮಾರುವ ಕಂಪನಿಗಳೆಲ್ಲ ಇದಕ್ಕೆ ವಂತಿಗೆ ಕೊಡುತ್ತವೆ. ಅಂದರೆ ಗುಡ್ಡದ ಮೇಲಿನ ಮನೆಯವನ ಕಂತಿನಲ್ಲೂ ಹೊಳೆದಂಡೆಯವನ ಪಾಲಿದೆ. ಖರೀದಿದಾರ ನೇರವಾಗಿ ಅರ್ಜಿ ಹಾಕಬೇಕಿಲ್ಲ, ವಿಮಾ ಕಂಪನಿಯೇ ನೆರೆಯ ಅಪಾಯದ ಭಾಗವನ್ನು ಅಲ್ಲಿಗೆ ವರ್ಗಾಯಿಸುತ್ತದೆ. ಹಾನಿಯಾದಾಗ ಮನೆಯನ್ನು ನೀರು ತಾಳುವಂತೆ ದುರಸ್ತಿ ಮಾಡಿಕೊಳ್ಳಲು 10,000 ಪೌಂಡ್‌ವರೆಗೆ ಹೆಚ್ಚುವರಿ ನೆರವನ್ನೂ 2022ರಿಂದ ಕಲ್ಪಿಸಲಾಗಿದೆ. ಆದರೆ ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ.

2009ರ ಜನವರಿ 1ರಿಂದೀಚೆಗೆ ಕಟ್ಟಿದ ಮನೆಗಳಿಗೆ ಈ ಆಸರೆ ಇಲ್ಲ. ಪ್ರವಾಹಭೂಮಿಯಲ್ಲಿ ಹೊಸದಾಗಿ ಕಟ್ಟುವುದಕ್ಕೆ ಕುಮ್ಮಕ್ಕು ಸಿಗಬಾರದೆಂಬುದು ಇದರ ಉದ್ದೇಶ. ಆದ್ದರಿಂದ ಹೊಳೆದಂಡೆಯಲ್ಲಿ ಹಳೆಯ ಮನೆಗಿಂತ ಹೊಸ ಮನೆಗೆ ವಿಮೆ ಮಾಡಿಸುವುದೇ ಕಷ್ಟವಾಗಬಹುದು. ಕರಾರು ವಿನಿಮಯವಾದ ದಿನದಿಂದಲೇ ಕಟ್ಟಡದ ಹೊಣೆ ಸಾಮಾನ್ಯವಾಗಿ ಖರೀದಿದಾರನ ಮೇಲೆ ಬೀಳುವುದರಿಂದ, ವಿಮಾ ಕಂಪನಿಯ ದರವನ್ನು ಅದಕ್ಕೂ ಮೊದಲೇ ಲಿಖಿತವಾಗಿ ಪಡೆಯುವುದು ಕ್ಷೇಮ.

ಈ ವ್ಯವಸ್ಥೆಗೂ ಕೊನೆಯ ದಿನಾಂಕವುಂಟು. ಫ್ಲಡ್ ರೀ 2039ರಲ್ಲಿ ಮುಕ್ತಾಯವಾಗಬೇಕು. ಆಮೇಲೆ ವಿಮಾ ಕಂತು ಆಯಾ ಮನೆಯ ನಿಜವಾದ ಅಪಾಯಕ್ಕೆ ತಕ್ಕಂತೆ ನಿಗದಿಯಾಗಬೇಕೆಂಬುದು ನಿಯಮ. ರೇಸ್‌ಬರಿಯಲ್ಲಿ ಈಗ 25 ವರ್ಷಗಳ ಸಾಲ ಮಾಡಿ ಮನೆ ಕೊಂಡವರ ಕಂತು ತೀರುವುದು 2050ರ ಆಸುಪಾಸಿನಲ್ಲಿ.