ಹಳೇಬೀಡಿಗೆ ನಾಲ್ಕು ರೂಪ

ಅರಸೀಕೆರೆ, ಬೇಲೂರು, ಹಳೇಬೀಡು – ನಮ್ಮ ಸೀಮೆಯ ಈ ಮೂರು ಹೆಸರುಗಳಲ್ಲಿಯೂ ಗಣಕಯಂತ್ರಕ್ಕೆ ತೊಡಕಾಗುವ ಅಕ್ಷರಗಳುಂಟು. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೆಸರು ಕಣ್ಣೆದುರಿಗೇ ಇರುವುದು. ಹುಡುಕಿದರೆ ಮಾತ್ರ ‘ಇಲ್ಲ’ ಎಂಬ ಉತ್ತರ. ಆ ಒಂದು ಮಾತಿನಿಂದ ಬಡ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕವೇ ನಿಂತುಹೋಗಬಹುದಾದ್ದರಿಂದ ಇದರ ಕಾರಣವನ್ನು ಕಲಾವಿಭಾಗದ ನಾವೂ ತಿಳಿದಿರುವುದು ಒಳ್ಳೆಯದು.

ನಾವು ಅಕ್ಷರವನ್ನು ಆಕಾರದಿಂದ ಗುರುತಿಸುತ್ತೇವೆ. ಯಂತ್ರಕ್ಕೆ ತಿಳಿಯುವುದು ಅಂಕಿ ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ‘ಬೀ’ಯ ಮೇಲಿನ ಗುಡಿಸಿನ ದೀರ್ಘಕ್ಕೆ 3264 ಎಂಬ ಅಂಕಿಯಿದೆ. ಆದರೆ ಬಾಲ್ಯದಲ್ಲಿ ನಾವು ಮೊದಲು ಗುಡಿಸು ಕೊಟ್ಟು ಆಮೇಲೆ ದೀರ್ಘ ಎಳೆಯುತ್ತಿದ್ದೆವಲ್ಲ, ಹಾಗೆಯೇ ಗುಡಿಸಿನ 3263ನ್ನೂ ದೀರ್ಘದ 3285ನ್ನೂ ಬೇರೆಬೇರೆಯಾಗಿ ಇಟ್ಟರೂ ಮೂಡುವುದು ಅದೇ ‘ಬೀ’. ‘ಳೇ’ ಎಂಬುದಕ್ಕೂ ಇದೇ ಗತಿ. ಆದುದರಿಂದ ‘ಹಳೇಬೀಡು’ ಎಂಬುದನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು. ಕಣ್ಣಿಗೆ ನಾಲ್ಕೂ ಒಂದೇ. ನಾನು ಎಣಿಸಿ ನೋಡಿದೆ: ಒಂದರಲ್ಲಿ 7 ಅಂಕಿ, ಎರಡರಲ್ಲಿ 8, ಇನ್ನೊಂದರಲ್ಲಿ 9. ಹೆಸರು ಸಿಗದಿದ್ದಾಗ ಹೀಗೆ ಎಣಿಸುವುದೇ ಮೊದಲ ಪರೀಕ್ಷೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಸಾಧನವುಂಟು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಅದು 2020ರಿಂದ ಒಳಗೇ ಇದೆ.

ಕಾಣದ ಅಕ್ಷರಗಳೂ ಉಂಟು. ‘ಸುರೇಶ್’ ಎಂಬುದರ ಕೊನೆಯಲ್ಲಿ, ಒತ್ತಕ್ಷರವಾಗದಂತೆ ತಡೆಯುವ ಗುರುತೊಂದು ಸೇರಿಕೊಂಡಿದ್ದರೆ ಯಾರಿಗೂ ತಿಳಿಯದು. ಯಂತ್ರಕ್ಕೆ ಮಾತ್ರ ಅವನು ಬೇರೆ ಸುರೇಶ!

ಇವೆಲ್ಲ ಮೌನದ ತಪ್ಪುಗಳು. ಕೂಗುವ ತಪ್ಪು ಬೇರೆ. ಮಂಗಳೂರಿನ ಕಡೆಯ ಕ್ರೈಸ್ತರಲ್ಲಿ ಡಿ'ಸೋಜ ಎಂಬ ಮನೆತನದ ಹೆಸರು ವಿರಳವೇನಲ್ಲ. ಡೇಟಾಬೇಸನ್ನು ಪ್ರಶ್ನಿಸುವಾಗ ಹೆಸರನ್ನು ಎರಡು ಒಂಟಿ ಗೀಟುಗಳ ನಡುವೆ ಇಡುವುದು ಪದ್ಧತಿ. ಹೆಸರಿನೊಳಗೇ ಅಂಥ ಗೀಟು ಬಂದರೆ ಹೆಸರು ‘ಡಿ’ಗೇ ಮುಗಿಯಿತೆಂದು ಯಂತ್ರ ಭಾವಿಸಿ, ಉಳಿದ ‘ಸೋಜ’ವನ್ನು ಆಜ್ಞೆಯೆಂದು ಓದಹೋಗಿ ಮುಗ್ಗರಿಸುತ್ತದೆ. ಕೇಡಿಗನು ಹೆಸರಿನ ಜಾಗದಲ್ಲಿ ನಿಜವಾದ ಆಜ್ಞೆಯನ್ನೇ ಬರೆದರೆ ಇಡೀ ಪಟ್ಟಿಯೇ ಅಳಿಸಿಹೋಗಲೂಬಹುದು. ಗೀಟನ್ನು ತೆಗೆದುಬಿಡಿ ಎನ್ನುವವರಿದ್ದಾರೆ. ಅದು ನನಗೆ ಸರಿಕಾಣದು. ನಾಳೆ ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ಹೊಂದಿಕೆ ತಪ್ಪಿದಾಗ ಅಲೆಯಬೇಕಾದವನು ಹೆಸರಿನ ಒಡೆಯನೇ ಹೊರತು ಯಂತ್ರವಲ್ಲ. ಆಜ್ಞೆಯಲ್ಲಿ ಹೆಸರಿನ ಸ್ಥಾನವನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ತೆರವಾಗಿಟ್ಟು, ಹೆಸರನ್ನು ಪ್ರತ್ಯೇಕವಾಗಿ ಒಪ್ಪಿಸುವುದೇ ಸರಿಯಾದ ಮಾರ್ಗ. ಆಗ ಹೆಸರಿನಲ್ಲಿ ಏನಿದ್ದರೂ ಅದು ಹೆಸರಾಗಿಯೇ ಉಳಿಯುವುದು.

ಗೀಟಿನಲ್ಲಿಯೂ ಎರಡು ಜಾತಿ: ನೆಟ್ಟಗಿನದು 39, ಕೆಲವು ಮೊಬೈಲುಗಳು ತಾವಾಗಿಯೇ ಹಾಕುವ ಬಾಗಿದ ಗೀಟು 8217. ಎರಡನೆಯದು ಕೂಗುವುದಿಲ್ಲ, ಸುಮ್ಮನೆ ಸಿಗದೆ ಹೋಗುತ್ತದೆ.

ಇನ್ನು ಹೊಸ ಅರ್ಜಿಗಳನ್ನಷ್ಟೇ ತಿದ್ದಿದರೆ ಸಾಲದು. ಹಳೆಯ ಪಟ್ಟಿಯಲ್ಲಿರುವ ಹೆಸರುಗಳನ್ನೂ, ಮೊದಲು ಅದರ ನಕಲೊಂದನ್ನು ತೆಗೆದಿಟ್ಟುಕೊಂಡು, ಅದೇ ಒಂದು ರೂಪಕ್ಕೆ ತರಬೇಕು. ಇಲ್ಲವಾದರೆ ಹೊಸ ಹಳೇಬೀಡಿಗೆ ಹಳೆಯ ಹಳೇಬೀಡು ಸಿಗದು.