ಮೊಮ್ಮಗಳ ಹೆಸರಿನೊಳಗೆ ಅಜ್ಜಿ

ಹೆಸರಿಡುವ ಶಾಸ್ತ್ರದ ದಿನ ತೊಟ್ಟಿಲ ಪಕ್ಕ ಒಂದು ಅಗಲವಾದ ತಟ್ಟೆ ಇರುತ್ತದೆ. ಅದರಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದ ಅಂಚಿನಿಂದ ಮಗುವಿನ ಹೆಸರು ಬರೆಯುತ್ತಾರೆ. ಹೆಸರು ಒಂದೇ ಅಲ್ಲ. ಮನೆದೇವರದು, ಹುಟ್ಟಿದ ಮಾಸದ್ದು, ನಕ್ಷತ್ರದ್ದು, ಕೊನೆಗೆ ಎಲ್ಲರೂ ಕರೆಯುವಂಥದ್ದು. ಎಷ್ಟೋ ಮನೆಗಳಲ್ಲಿ ಇವುಗಳ ನಡುವೆ ಇನ್ನೊಂದು ಸಾಲು ಸೇರುತ್ತದೆ: ತೀರಿಕೊಂಡ ಅಜ್ಜನದೋ ಅಜ್ಜಿಯದೋ ಹೆಸರು. ತಂದೆ ಅದನ್ನು ಮಗುವಿನ ಬಲಗಿವಿಯಲ್ಲಿ ಉಸುರುತ್ತಾನೆ. ಉತ್ತರ ಕರ್ನಾಟಕದ ಕಡೆಯಾದರೆ ಸೋದರತ್ತೆ ಹೇಳುತ್ತಾಳೆ. ಊಟದ ಎಲೆ ಹಾಕುವ ಹೊತ್ತಿಗೆ ಯಾರೋ ಅಕ್ಕಿ ಒಟ್ಟುಮಾಡಿ ತಟ್ಟೆ ಎತ್ತಿಡುತ್ತಾರೆ. ಆಮೇಲೆ ಮಗು ಆರವ್ ಎಂದೋ ಅನ್ವಿ ಎಂದೋ ಬೆಳೆಯುತ್ತದೆ.

ಹಿರಿಯರ ಹೆಸರನ್ನು ಹೀಗೆ ಅರ್ಧ ತೋರಿಸಿ ಅರ್ಧ ಮರೆಮಾಡುವುದು ಈಗಿನವರ ಚಾಳಿ ಎಂದು ಮನೆಯ ದೊಡ್ಡವರು ನೊಂದುಕೊಳ್ಳುವುದುಂಟು. ಆದರೆ ಈ ವಿಚಾರಕ್ಕೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಹಿನ್ನೆಲೆಯಿದೆ. ಕ್ರಿ.ಪೂ. 2ನೇ ಶತಮಾನದ ಪತಂಜಲಿ ‘ಮಹಾಭಾಷ್ಯ’ದ ಆರಂಭದಲ್ಲಿ ವ್ಯಾಕರಣವನ್ನು ಏಕೆ ಓದಬೇಕು ಎಂಬುದಕ್ಕೆ ಕಾರಣಗಳನ್ನು ಕೊಡುತ್ತಾನೆ. ಮಗುವಿಗೆ ಸರಿಯಾದ ಹೆಸರಿಡಲು ಬರಬೇಕು ಎಂಬುದು ಅವುಗಳಲ್ಲಿ ಒಂದು. ಯಾಜ್ಞಿಕರ ನಿಯಮವನ್ನೂ ಅಲ್ಲೇ ಹೇಳುತ್ತಾನೆ. ಹತ್ತು ದಿನ ಕಳೆದ ಮೇಲೆ ಹೆಸರಿಡಬೇಕು. ಗ, ದ, ಬ ಇಂಥ ಘೋಷಾಕ್ಷರದಿಂದ ಶುರುವಾಗಬೇಕು, ನಡುವೆ ಯ, ರ, ಲ, ವಗಳಲ್ಲಿ ಒಂದಿರಬೇಕು, ಅಕ್ಷರ ಎರಡೋ ನಾಲ್ಕೋ ಇರಬೇಕು. ವೈರಿಗಳಲ್ಲಿ ರೂಢಿಯಲ್ಲಿರುವ ಹೆಸರಾಗಿರಬಾರದು. ಇವುಗಳ ಜೊತೆಗೇ ಇದೆ, ಹೆಸರು ಮೂರು ತಲೆಮಾರಿನ ಪುರುಷರನ್ನು ಅನುಸರಿಸಿರಬೇಕು ಎಂಬ ಮಾತು. ಅಜ್ಜನ ಹೆಸರನ್ನೇ ಇಡಬೇಕೆಂಬ ಕಟ್ಟಪ್ಪಣೆ ನನಗೆ ಇದರಲ್ಲಿ ಕಾಣುವುದಿಲ್ಲ. ಮಗುವಿನ ಹೆಸರು ಕಿವಿಗೆ ಬಿದ್ದಾಗ ಹಿಂದಿನವರ ನೆನಪಾಗಬೇಕು, ಅಷ್ಟೇ. ಈ ನಿಯಮದಲ್ಲಿ ಅಜ್ಜಿಗೆ ಜಾಗವಿಲ್ಲ ಎಂಬುದನ್ನೂ ಗಮನಿಸಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಅರಸು ಮನೆತನಗಳು ಮರೆಮಾಡುವ ಗೊಡವೆಗೆ ಹೋಗಲಿಲ್ಲ. ಬಾದಾಮಿಯ ಬಂಡೆಯ ಮೇಲೆ 543ರಲ್ಲಿ ಕೋಟೆಯ ಶಾಸನ ಬರೆಸಿದವನು ಒಂದನೇ ಪುಲಿಕೇಶಿ. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ಮಗ ಇಮ್ಮಡಿ ಪುಲಿಕೇಶಿ. ಹರ್ಷನನ್ನು ನರ್ಮದೆಯಲ್ಲಿ ತಡೆದವನು, 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿಯಿಂದ ಹೊಗಳಿಸಿಕೊಂಡವನು ಈ ಮೊಮ್ಮಗನೇ. ಅವನ ಮೊದಲ ಹೆಸರು ಎರೆಯ, ಪಟ್ಟಕ್ಕೆ ಬಂದಾಗ ಅಜ್ಜನ ಹೆಸರು ತಾಳಿದ ಎಂದು ಇತಿಹಾಸಕಾರರು ಹೇಳುತ್ತಾರೆ. ಚಿಕ್ಕಪ್ಪ ಮಂಗಳೇಶನೊಡನೆ ಹೋರಾಡಿ ಸಿಂಹಾಸನ ಪಡೆದವನು ಅವನು. ಇದು ನನ್ನ ಅಜ್ಜನ ಗದ್ದುಗೆ, ನನಗೇ ಸಲ್ಲತಕ್ಕದ್ದು ಎಂದು ಸಾರುವುದಕ್ಕೆ ಆ ಹೆಸರಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ ಎಂದು ನನಗನಿಸುತ್ತದೆ. ಹೊಯ್ಸಳರಲ್ಲಂತೂ ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ನರಸಿಂಹರೇ. ಒಂದನೇ ನರಸಿಂಹನ ಮಗ ಇಮ್ಮಡಿ ವೀರಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮುಮ್ಮಡಿ ನರಸಿಂಹ. ಸೋಮನಾಥಪುರದ ಕೇಶವ ದೇವಾಲಯ ಎದ್ದಿದ್ದು ಈ ಮೂರನೆಯವನ ಕಾಲದಲ್ಲಿ.

ಜನಸಾಮಾನ್ಯರ ಮನೆಗಳಲ್ಲಿ ಹೀಗೆ ನೇರವಾಗಿ ಹೆಸರಿಡಲು ಒಂದು ದೊಡ್ಡ ತೊಡಕಿತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಬಂತೆಂದರೆ ಮಾವನ ಹೆಸರು ಸೊಸೆಯ ಬಾಯಿಗೆ ಬರಬೇಕು. ಗಂಡನ ಹೆಸರನ್ನೂ ಅತ್ತೆ ಮಾವಂದಿರ ಹೆಸರನ್ನೂ ಹೇಳದ ಕಾಲ ಅದು. ಮಗ ಬೀದಿಯಲ್ಲಿ ಕಲ್ಲೆಸೆಯುತ್ತಿದ್ದರೆ ‘ಲೋ ನಂಜುಂಡ’ ಎಂದು ಗದರುವಂತಿಲ್ಲ, ಜಗಲಿಯ ಮೇಲೆ ಮಾವಯ್ಯ ಕೂತಿರುತ್ತಾರೆ. ಮಾವ ತೀರಿಕೊಂಡಿದ್ದರೆ ಇನ್ನೂ ಕಷ್ಟ, ಪಟಕ್ಕೆ ಹೂ ಮುಡಿಸಿ, ಆ ಹೆಸರು ಹಿಡಿದೇ ಬೈಯುವುದು ಹೇಗೆ? ಹಾಗಾಗಿ ಹುಡುಗ ಅಪ್ಪಾಜಿಯಾದ, ಅಯ್ಯನಾದ, ಪುಟ್ಟನಾದ. ಹುಬ್ಬಳ್ಳಿ, ಗದಗದ ಕಡೆ ಮುತ್ತ್ಯಾ ಆದ. ಅಜ್ಜಿಯ ಹೆಸರಿನ ಹುಡುಗಿ ಅಮ್ಮಯ್ಯ, ಅವ್ವಿ, ತಾಯಿ ಆದಳು. ಎರಡು ವರ್ಷದ ಕೂಸನ್ನು ಹೆತ್ತವಳೇ ‘ಬಾರವ್ವ, ಉಣ್ಣು ಬಾರವ್ವ’ ಎಂದು ಕರೆಯುವಾಗ ಆ ಗೌರವ ಯಾರಿಗೆ ಸಲ್ಲುತ್ತಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅಸಲು ಹೆಸರು ಮಾತ್ರ ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯಂತೆ ಒಳಗೇ ಉಳಿಯಿತು. ಶಾಲೆಗೆ ಸೇರಿದ ದಿನ ಮೇಷ್ಟ್ರು ಹಾಜರಿ ಕೂಗಿದರೆ ಅದು ತನ್ನ ಹೆಸರೆಂದು ತಿಳಿಯದೆ ಸುಮ್ಮನೆ ಕೂತ ಹುಡುಗರು ಎಷ್ಟೋ ಹಳ್ಳಿಗಳಲ್ಲಿದ್ದರು. ಕರೆಯುವ ಹೆಸರು ಬೇರೆ, ಹಿರಿಯರ ಹೆಸರು ಬೇರೆ ಎಂಬ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದ್ದು ಹೀಗೆ.

ಸರ್ಕಾರಿ ಕಾಗದ ಬಂದ ಮೇಲೆ ಈ ಎರಡು ಹೆಸರುಗಳ ಬದುಕು ಕಷ್ಟವಾಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗುವಿನ ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. 2023ರ ತಿದ್ದುಪಡಿ ಬಂದ ಮೇಲೆ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಯ ದಾಖಲಾತಿ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆಯ ನೋಂದಣಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಮಗುವಿನ ಮೊದಲ ಕಾಗದದಲ್ಲಿ ಬರೆಸಿದ ಹೆಸರೇ ಸಾಮಾನ್ಯವಾಗಿ ಕೊನೆತನಕ ಉಳಿಯುತ್ತದೆ. ತಟ್ಟೆಯಲ್ಲಿ ನಾಲ್ಕೈದು ಹೆಸರಿಗೆ ಜಾಗವಿತ್ತು, ಪ್ರಮಾಣಪತ್ರದಲ್ಲಿ ಒಂದಕ್ಕೇ.

ಇದಕ್ಕಿಂತ ದೊಡ್ಡ ಬದಲಾವಣೆ ಮನೆಯೊಳಗೇ ಆಯಿತು. ಆರೆಂಟು ಮಕ್ಕಳಿದ್ದಾಗ ದೊಡ್ಡವನಿಗೆ ಅಪ್ಪನ ಕಡೆಯ ಅಜ್ಜ, ಎರಡನೆಯವನಿಗೆ ತಾಯಿಯ ಕಡೆಯ ಅಜ್ಜ, ಹೆಣ್ಣುಮಕ್ಕಳಿಗೆ ಅಜ್ಜಿಯರು ಎಂದು ಎಲ್ಲರನ್ನೂ ತೃಪ್ತಿಪಡಿಸಬಹುದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಜ್ಜ ಅಜ್ಜಿಯರು ನಾಲ್ವರು, ಮೊಮ್ಮಗು ಒಂದು. ಯಾರ ಹೆಸರು ಇಟ್ಟರೂ ಮೂವರಿಗೆ ಬೇಸರ. ಇದರ ಮೇಲೆ ಜೋಯಿಸರ ಅಕ್ಷರ ಬೇರೆ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರಗಳು. ಅಶ್ವಿನಿಯಲ್ಲಿ ಹುಟ್ಟಿದರೆ ಚು, ಚೆ, ಚೋ, ಲಾ. ಅಜ್ಜಿ ಗೌರಮ್ಮನಾಗಿದ್ದರೆ ಏನು ಮಾಡುವುದು?

ಈ ಇಕ್ಕಟ್ಟಿನಲ್ಲೇ ಇಂದಿನ ದಾರಿಗಳು ಹುಟ್ಟಿಕೊಂಡವು. ಸುಲಭದ್ದು, ಹೆಸರಿನ ತುಂಡು ಉಳಿಸಿಕೊಳ್ಳುವುದು. ಗಿರೀಶ ಕಾರ್ನಾಡರ ತಂದೆ ಡಾ. ರಘುನಾಥ ಕಾರ್ನಾಡ, ಮಗ, ಲೇಖಕ ರಘು ಕಾರ್ನಾಡ್. ಹೊರದೇಶದ ಕನ್ನಡಿಗರು ಮೊದಲ ಹೆಸರನ್ನು ಅಲ್ಲಿಯವರ ನಾಲಿಗೆಗೆ ಒಗ್ಗುವಂತೆ ಇಟ್ಟು, ನಡುವಿನ ಹೆಸರಿನ ಜಾಗದಲ್ಲಿ ಅಜ್ಜನನ್ನು ಇಡಿಯಾಗಿ ಕೂರಿಸುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೇವರ ಮೂಲಕ ಹೋಗುವ ದಾರಿ, ಏಕೆಂದರೆ ಅದು ನಮ್ಮ ಊರುಗಳಿಂದಲೇ ಬಂದದ್ದು. ನಂಜನಗೂಡಿನಲ್ಲಿ ನಂಜುಂಡೇಶ್ವರನೇ ಶ್ರೀಕಂಠೇಶ್ವರ. ನಂಜಪ್ಪನ ಮೊಮ್ಮಗ ಶ್ರೀಕಂಠನಾದರೆ ಅಜ್ಜ ಎಲ್ಲಿಗೂ ಹೋಗಲಿಲ್ಲ. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನೇ ರೇಣುಕೆ, ಬಾದಾಮಿಯ ಬನಶಂಕರಿಯೇ ಶಾಕಂಭರಿ, ಮಾದಪ್ಪನೇ ಮಹದೇಶ್ವರ, ತಿಮ್ಮಪ್ಪನೇ ಶ್ರೀನಿವಾಸ. ಒಕ್ಕಲು ಒಂದೇ ಆಗಿರುವಾಗ ಹೆಸರು ಬೇರೆಯಾದರೇನು?

ಆದರೆ ಹೊನ್ನಮ್ಮನನ್ನು ಹೇಮಾ ಮಾಡುವುದು, ಕೆಂಪಮ್ಮನನ್ನು ಅರುಣಾ ಮಾಡುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಅರ್ಥ ಉಳಿಯುತ್ತದೆ, ದನಿ ಹೋಗುತ್ತದೆ. ಹೊನ್ನ, ಚೆನ್ನ, ನೀಲ, ಮಲ್ಲಿ ಈಗಿನ ಯಾವ ಎರಡಕ್ಷರದ ಹೆಸರಿಗೆ ಕಡಿಮೆ? ಕರೆಯಲು ಸಲೀಸು, ಬರೆಯಲು ಸಲೀಸು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ಗುಂಡ, ಕಲ್ಲ, ತಿಪ್ಪ ಎಂದು ಇಟ್ಟ ಹೆಸರುಗಳಿಗೂ ನಾಚಿಕೊಳ್ಳಬೇಕಿಲ್ಲ. ಆ ಒಂದೊಂದು ಹೆಸರಿನ ಹಿಂದೆ ಒಬ್ಬ ತಾಯಿಯ ಹೆದರಿಕೆ ಇದೆ. ಅದನ್ನೇ ಇಡಬೇಕೆಂದಲ್ಲ. ಮಗುವಿಗೆ ತಿಳಿಸದೆ ಅಳಿಸಬಾರದು.

ಇನ್ನು ಅಜ್ಜಿಯ ಮಾತು. ಯಾಜ್ಞಿಕರ ನಿಯಮದಲ್ಲಿ ಮೂವರೂ ಗಂಡಸರೇ. ಹಳೆಯ ಮೈಸೂರಿನವರ ಇನಿಷಿಯಲ್ಲುಗಳಲ್ಲೂ ಊರು ಮತ್ತು ಅಪ್ಪ, ಹೆಚ್ಚೆಂದರೆ ಅಜ್ಜ. ಮನೆಗಳಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರು ಮೊದಲೂ ಬರುತ್ತಿತ್ತು; ಇಂದು ತಂದೆತಾಯಿ ಅದನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಿರುವುದು ಒಳ್ಳೆಯದು. ಆದರೆ ಯಾವ ಹೆಸರು? ಹಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹೆಣ್ಣಿನ ಹೆಸರು ಬದಲಾಗುತ್ತಿತ್ತು. ಅದಕ್ಕೂ ಅಕ್ಕಿಯ ತಟ್ಟೆಯೇ, ಉಂಗುರವೇ; ಬರೆಯುವವನು ಗಂಡ. ನೆರೆಯ ಮಹಾರಾಷ್ಟ್ರದ ಆನಂದೀಬಾಯಿ ಜೋಶಿ 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದವರು. ಹುಟ್ಟಿದಾಗ ಅವರು ಯಮುನಾ. ಸ್ತ್ರೀಶಿಕ್ಷಣಕ್ಕೆ ದುಡಿದ ರಮಾಬಾಯಿ ರಾನಡೆಯವರೂ ತವರಿನಲ್ಲಿ ಯಮುನಾ. ಇಬ್ಬರು ಯಮುನೆಯರೂ ಗಂಡನ ಮನೆಯ ಹೆಸರಿನಲ್ಲೇ ಚರಿತ್ರೆಗೆ ಸೇರಿದರು. ಹೆಸರು ಮಾಡಿದ ಹೆಣ್ಣುಮಕ್ಕಳದೇ ಹೀಗಾದರೆ, ಹತ್ತು ಜನಕ್ಕೆ ಬೇಯಿಸಿ ಹಾಕುತ್ತಾ ಆಯಸ್ಸು ಕಳೆದ ನಮ್ಮ ಅಜ್ಜಿಯರ ತವರಿನ ಹೆಸರು ಯಾವ ಕಾಗದದಲ್ಲಿ ಸಿಗುತ್ತದೆ? ಪಡಿತರ ಚೀಟಿಯಲ್ಲಿ, ಪಹಣಿಯಲ್ಲಿ, ಮರಣ ಪ್ರಮಾಣಪತ್ರದಲ್ಲಿ ಇರುವುದೆಲ್ಲ ಮದುವೆಯಾದ ಮೇಲಿನದು. ಮೊದಲಿನದು ಅವರ ನೆನಪಿನಲ್ಲಿ ಮಾತ್ರ ಇದೆ, ಅಥವಾ ತವರಿನಲ್ಲಿ ಇನ್ನೂ ಬದುಕಿರುವ ಯಾರೋ ತಮ್ಮನ, ತಂಗಿಯ ಬಾಯಲ್ಲಿ.

ನಿಮ್ಮ ಮನೆಯಲ್ಲಿ ನಾಮಕರಣ ಹತ್ತಿರ ಬಂದಿದ್ದರೆ, ಮೊಬೈಲಿನಲ್ಲಿ ಹೆಸರಿನ ಪಟ್ಟಿ ತೆರೆಯುವ ಮೊದಲು ಅಜ್ಜಿಯ ಹತ್ತಿರ ಹೋಗಿ ಕೂತುಕೊಳ್ಳಿ. ಚಿಕ್ಕವಳಿದ್ದಾಗ ನಿನ್ನನ್ನು ಏನೆಂದು ಕರೆಯುತ್ತಿದ್ದರು, ಆ ಹೆಸರು ಇಟ್ಟವರು ಯಾರು, ಅದು ಬದಲಾದ ದಿನ ನಿನಗೆ ಹೇಗನಿಸಿತು ಎಂದು ಕೇಳಿ. ಅಜ್ಜಿ ಇಲ್ಲದಿದ್ದರೆ ಅವರ ತವರಿಗೆ ಫೋನ್ ಮಾಡಿ. ಸಿಕ್ಕಿದ್ದನ್ನು ಇಡಿಯಾಗಿ ಇಡಿ, ತುಂಡಾಗಿ ಇಡಿ, ಒಂದಕ್ಷರ ಮಾತ್ರ ತೆಗೆದುಕೊಳ್ಳಿ, ಅದು ನಿಮ್ಮಿಷ್ಟ. ಆದರೆ ಮಗುವಿಗೆ ಮಾತು ತಿಳಿಯುವ ವಯಸ್ಸಾದಾಗ ಅದು ಯಾರ ಹೆಸರು ಎಂಬುದನ್ನು ತಪ್ಪದೆ ಹೇಳಿ.